ಮೂರು ಹಲ್ಲು ಬಲಕ್ಕೆ

ನ್ಯೆಂಡೊ ಪೇಟೆಗೆ ಹೋಗಿ ಎಡಿಸಾ ಎಲ್ಲಿ ಅಂತ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲೊಂಗೊ ಎಲ್ಲಿ ಅಂತ ಕೇಳಬೇಕು. ಅವಳಿ ಹೆತ್ತ ಹೆಂಗಸಿಗೆ ಅಲ್ಲಿ ಅದೇ ಹೆಸರು, ಹೆತ್ತ ಗಳಿಗೆಯಿಂದ ಮಣ್ಣಿಗೆ ಹೋಗುವ ತನಕ. ಅವಳ ಗಂಡ ಯೊನಾಸಾನಿಯೂ ಅದೇ ಲೆಕ್ಕದಲ್ಲಿ ಸಾಲೊಂಗೊ ಆದ. ಬೇನೆ ತಿಂದದ್ದು ನಾನು, ಬಿರುದು ಮಾತ್ರ ಇಬ್ಬರಿಗೂ ಅಂತ ಅವಳು ಅವನನ್ನು ಛೇಡಿಸುತ್ತಿದ್ದಳು.

ಟ್ಯಾಕ್ಸಿ ನಿಲ್ದಾಣದ ಮಗ್ಗುಲಲ್ಲಿ, ಕಿವುಂಬಿಯ ಗ್ಯಾರೇಜಿನ ತಗಡಿನ ಬೇಲಿಗೆ ಬೆನ್ನು ಕೊಟ್ಟು ಅವಳು ಕೂರುತ್ತಿದ್ದಳು. ಮುಂದೆ ಇದ್ದಿಲ ಒಲೆ, ಅದರ ಮೇಲೆ ಎಣ್ಣೆ ಬಾಣಲೆ. ಸಣ್ಣ ಬಾಳೆಹಣ್ಣು ಹಿಸುಕಿ, ಮರಗೆಣಸಿನ ಹಿಟ್ಟು ಸೇರಿಸಿ ನಾದಿ, ಅಂಗೈಯಗಲ ತಟ್ಟಿ ಕರಿದರೆ ಕಬಲಗಲ. ಹಿಟ್ಟು ನೀರಾದರೆ ಎಣ್ಣೆ ಕುಡಿಯುತ್ತದೆ, ಗಟ್ಟಿಯಾದರೆ ಹಲ್ಲಿಗೆ ಕಲ್ಲಾಗುತ್ತದೆ. ನೀರು ಒಂದು ಹನಿಯೂ ಹಾಕದೆ, ಹಣ್ಣಿನ ಪಸೆಯಲ್ಲೇ ನಾದಬೇಕು. ಆ ನಾದುವ ಕೈ ಎಡಿಸಾಳಿಗಿತ್ತು. ಅದರ ಜೊತೆಗೆ ಬಾಯಿಯೂ ಇತ್ತು. ಅವಳ ಕಿವಿಗೆ ಬಿದ್ದ ಮಾತು ಬಾಣಲೆಯ ಎಣ್ಣೆ ಆರುವುದರೊಳಗೆ ಪೇಟೆಯ ಆ ತುದಿ ಮುಟ್ಟಿರುತ್ತಿತ್ತು. ಪಕ್ಕದಲ್ಲಿ ಕೂತು ಈರುಳ್ಳಿ ಮಾರುವ ಹಜ್ಜಾತಿಗೆ ಅದನ್ನು ಮೊದಲು ಹೇಳದೆ ಇದ್ದರೆ ಅವಳಿಗೆ ಹೊಟ್ಟೆಯುಬ್ಬರ ಬರುತ್ತಿತ್ತು.

ಯೊನಾಸಾನಿಯದು ಬಿಳಿ ಕಾರು, ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು. ನ್ಯೆಂಡೊದಿಂದ ಚೊಟೇರಕ್ಕೆ, ಚೊಟೇರದಿಂದ ನ್ಯೆಂಡೊಕ್ಕೆ ಜನ ಹೊರುತ್ತಿದ್ದ. ಆಳು ಸಣ್ಣ, ನಗು ದೊಡ್ಡದು. ಬೆಳಿಗ್ಗೆ ಹೊರಡುವ ಮುಂಚೆ ಬಾಣಲೆ ಹತ್ತಿರ ಬಂದು ನಿಲ್ಲುವನು.

"ನಾಲ್ಕು ಕಬಲಗಲ ಎಲೇಲಿ ಕಟ್ಟೇ."

"ಯಾರಿಗೆ ಅಷ್ಟೊಂದು?"

"ಚೊಟೇರದಲ್ಲಿ ಒಬ್ಬಳಿದಾಳೆ ಕಣೆ. ನಿನಗಿಂತ ಚೆಂದ. ನಿನ್ನಷ್ಟು ಬಾಯಿಲ್ಲ."

ಹಜ್ಜಾತಿ ಈರುಳ್ಳಿ ರಾಶಿಯ ಮೇಲೆ ಬಿದ್ದು ನಗುವಳು. "ಅವಳಿಗೂ ಅವಳಿ ಮಕ್ಕಳಾ ಸಾಲೊಂಗೊ?" ಅಂತ ಕೇಳುವಳು. "ತ್ರಿವಳಿ," ಅಂತ ಅವನು. ಎಡಿಸಾಳೂ ನಗುತ್ತಿದ್ದಳು. ಚೊಟೇರದ ಹೆಂಡತಿ ಅಂದರೆ ಅವರ ಮನೆಯ ಒಂದು ಪಾತ್ರೆಯ ಹಾಗೆ ಆಗಿಹೋಗಿತ್ತು. ಉಪ್ಪು ಹೆಚ್ಚಾದರೆ ಅವಳು ಹೀಗೆ ಮಾಡಲ್ಲ ಅನ್ನುವನು. ಅವನು ತಡವಾಗಿ ಬಂದರೆ ಅವಳೇನು ಬಿಡಲಿಲ್ಲವಾ ಅಂತ ಇವಳು ಕೇಳುವಳು.

ಮಿಡತೆ ಹಿಡಿದು ಹುರಿದು ತಿನ್ನುವ ಹಿಂದಿನ ಸುಗ್ಗಿ ಕಳೆದ ಮೇಲೆ ಆ ನಗು ಹುಳಿಯಾಗುತ್ತ ಬಂತು.

ಮೊದಲು ಶುರುವಾದದ್ದು ಕೋಟಿನಿಂದ. ಮದುವೆ ಮುಂಜಿಗೆ ಅಂತ ಪೆಟ್ಟಿಗೆಯಲ್ಲಿಟ್ಟಿದ್ದ ಕರಿ ಕೋಟನ್ನು ಅವನು ದಿನಾ ಹಾಕತೊಡಗಿದ. ಉರಿಬಿಸಿಲಲ್ಲೂ ಕೋಟು, ಬಲಗೈ ಜೇಬಿನೊಳಗೆ. ಗುಂಡಿ ಹಾಕುವ ಅಂಗಿ ಬಿಟ್ಟು ತಲೆಯಿಂದ ಇಳಿಸಿಕೊಳ್ಳುವ ಬನಿಯನ್ನೇ ತೊಡುತ್ತಿದ್ದ. "ಏನ್ ಸಾಹೇಬ್ರೇ, ಮದುಮಗನ ಹಾಗೆ ಹೊರಟಿರಿ," ಅಂತ ಎಡಿಸಾ ಅಂದರೆ, "ಚೊಟೇರದವಳಿಗೆ ಕೋಟು ಇಷ್ಟ," ಅಂದ. ಈ ಸಲ ಅವಳಿಗೆ ನಗು ಬರಲಿಲ್ಲ.

ಆಮೇಲೆ ಊಟ. ಬಾಳೆಕಾಯಿಯ ಮಟೋಕೆ ಬೇಯಿಸಿ, ಎಲೆಯಲ್ಲೇ ಹಿಸುಕಿ, ಕಡಲೆಕಾಯಿ ಸಾರಿನ ಜೊತೆ ಮುಂದಿಟ್ಟರೆ, ಹಸಿವಿಲ್ಲ ಅಂತ ಎದ್ದುಬಿಡುತ್ತಿದ್ದ. ಒಂದು ದಿನ, ಎರಡು ದಿನ. ಮೊದಲೆಲ್ಲ ಬೆರಳು ನೆಕ್ಕಿ ಇನ್ನೊಂದು ಮುದ್ದೆ ಕೇಳುತ್ತಿದ್ದ ಗಂಡಸು. ಹೊರಗೆ ಉಂಡು ಬರುವ ಗಂಡಸಿಗಷ್ಟೇ ಮನೆಯಲ್ಲಿ ಹಸಿವಿರುವುದಿಲ್ಲ ಅಂತ ಅಲ್ಲಿಯ ಯಾವ ಹೆಂಗಸಿಗೆ ಗೊತ್ತಿಲ್ಲ?

ಆಮೇಲೆ ನಡುಪಟ್ಟಿ. ಎಡಿಸಾಳ ಒಳ್ಳೆಯ ಗೊಮೇಸಿಗೆ, ಅಂದರೆ ಭುಜದ ತುದಿ ಮೊನೆಯಾಗಿ ಎದ್ದು ನಿಲ್ಲುವ ಆ ನೀಳ ನಿಲುವಂಗಿಗೆ, ಸೊಂಟಕ್ಕೆ ಕಟ್ಟುವ ಪಟ್ಟಿಯೊಂದು ಇತ್ತು. ಅರಿಸಿನ ಬಣ್ಣದ ಮಿರುಗುವ ಬಟ್ಟೆ, ಮೇಲೆ ಹಸಿರು ಎಲೆ. ಅವಳಿ ಹೆಣ್ಣುಮಕ್ಕಳ ಮದುವೆಯಲ್ಲಿ ಕಟ್ಟಿದ್ದು. ಅದು ಪೆಟ್ಟಿಗೆಯಿಂದ ಮಾಯ. ಮನೆಯೆಲ್ಲ ತಿರುವಿ ಹಾಕಿದಳು. "ಕಂಡಿಲ್ಲ," ಅಂದ ಯೊನಾಸಾನಿ, ಅವಳ ಮುಖ ನೋಡದೆ.

ಇಷ್ಟನ್ನೂ ಅವಳು ನುಂಗಿಕೊಂಡಿದ್ದಳೇನೋ. ಆದರೆ ಒಂದು ಸಂಜೆ ಮನೆಖರ್ಚಿಗೆ ಕೊಡುವ ನೋಟನ್ನು ಅವನು ಎಡಗೈಯಲ್ಲಿ ಚಾಚಿದ. ಎಡಗೈಯಲ್ಲಿ ಕೊಡುವುದು ನಾಯಿಗೂ ಸಲ್ಲದು ಅನ್ನುವ ಊರು. ಕಟ್ಟಿಕೊಂಡ ಹೆಂಡತಿಗೆ, ಮೂರು ಹೆತ್ತವಳಿಗೆ, ಎಡಗೈ! ಬಲಗೈ ಕೋಟಿನ ಜೇಬಿನಲ್ಲಿ ಬೆಚ್ಚಗಿತ್ತು.

"ಬಲಗೈ ಯಾರಿಗೆ ಎತ್ತಿಟ್ಟಿದೀಯ?" ಅಂದಳು ಎಡಿಸಾ.

ಅವನು ನೋಟು ಚಾಪೆಯ ಮೇಲಿಟ್ಟ.

"ಅವಳಿಗೆ ಬಲಗೈ, ನನಗೆ ಎಡಗೈ. ಅಲ್ವಾ? ನನ್ನ ಪಟ್ಟಿ ಅವಳ ಸೊಂಟದಲ್ಲಿ, ನನ್ನ ಕಬಲಗಲ ಅವಳ ಹೊಟ್ಟೆಯಲ್ಲಿ. ಹೋಗು. ಇನ್ನು ಅನ್ನ ಬೇಯಿಸೋದೂ ಅವಳೇ ಆಗಲಿ."

ಅವನು ಏನಾದರೂ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಾನೆ ಅಂತ ಅವಳು ಕಾದಳು. ಅವನು ಬಾಯಿ ತೆರೆದ, ಮುಚ್ಚಿದ, ಎದ್ದು ಹೊರಗೆ ಕಾರಿನಲ್ಲಿ ಹೋಗಿ ಕೂತ.

ಅವತ್ತಿನಿಂದ ಅವಳು ಅವನ ಪಾಲಿನ ಬಾಳೆಕಾಯಿ ಸುಲಿಯಲಿಲ್ಲ. ಅಲ್ಲಿ ಹೆಂಡತಿ ಗಂಡನ ಪಾಲು ಬೇಯಿಸದಿದ್ದರೆ ಬಾಯಿಬಿಟ್ಟು ಬೇರೆ ಏನೂ ಹೇಳಬೇಕಾಗಿಲ್ಲ. ಹಾಸಿಗೆಯನ್ನೂ ಮುಂದಿನ ಕೋಣೆಗೆ ಎಸೆದಳು. ಬೆಳಿಗ್ಗೆ ಅವನು ಬಾಣಲೆಯ ಹತ್ತಿರ ಬಂದು ನಿಂತರೆ, ಬೇರೆ ಗಿರಾಕಿಗೆ ಕೊಟ್ಟ ಹಾಗೆ ನಾಲ್ಕು ಕಬಲಗಲ ಕಟ್ಟಿ ಕಲ್ಲಿನ ಮೇಲಿಡುವಳು. ಅವನು ಎತ್ತಿಕೊಂಡು ಹೋಗುವನು. ಹಜ್ಜಾತಿಗೆ ಎಲ್ಲ ಹೇಳಿದಳು. ಹಜ್ಜಾತಿ ಪೇಟೆಗೆ ಹೇಳಿದಳು.

ಕಾಫಿ ಕೊಯ್ಲಿನ ಹೊತ್ತಿಗೆ ಯೊನಾಸಾನಿ ತೀರಿಕೊಂಡ. ನಿಲ್ದಾಣದಲ್ಲಿ, ಸರದಿಗೆ ಕಾಯುತ್ತ ಕಾರಿನಲ್ಲೇ ಕೂತಿದ್ದವನು ಹಾಗೇ ತಲೆ ಬಾಗಿಸಿದ. ನಿದ್ದೆ ಮಾಡುತ್ತಿದ್ದಾನೆ ಅಂತ ಹಿಂದಿನವರು ಹಾರನ್ನು ಹೊಡೆದರಂತೆ. ತಲೆಯಲ್ಲಿ ನರ ಒಡೆದಿದೆ ಅಂದರು ಆಸ್ಪತ್ರೆಯಲ್ಲಿ. ಹೆಣಕ್ಕೆ ಸುತ್ತುವ ಮರತೊಗಟೆಯ ಬಟ್ಟೆ ನೆಂಟರೆಲ್ಲ ತಂದರು. ಎಡಿಸಾ ತಂದದ್ದು ಇದ್ದುದರಲ್ಲಿ ತೆಳುವಾದ್ದು. ಅಳಲಿಲ್ಲ. ಅಳದ ಹೆಂಡತಿಯನ್ನು ಜನ ನೋಡಿದರು, ಜನ ನೋಡಿದ್ದನ್ನು ಅವಳೂ ನೋಡಿದಳು. ಅವಳ ಕಣ್ಣು ಬೇರೆ ಕಡೆ ಇತ್ತು. ಗುಂಪಿನಲ್ಲಿ ಅರಿಸಿನ ಬಣ್ಣದ ಪಟ್ಟಿ ಕಟ್ಟಿದ ಹೆಂಗಸು ಯಾರಾದರೂ ಇದ್ದಾಳಾ ಅಂತ.

ಇರಲಿಲ್ಲ. ಆದರೆ ಹೂಳುವ ದಿನ ಬಾರದವರು ಕೊನೆಯ ಶಾಸ್ತ್ರದ ದಿನ ಬರುತ್ತಾರೆ. ಹೂಳಿದ ಮಾತ್ರಕ್ಕೆ ಸಾವು ಮನೆ ಬಿಟ್ಟು ಹೋಗುವುದಿಲ್ಲವಲ್ಲ. ತಿಂಗಳುಗಳ ಮೇಲೆ ಬಳಗ ಕೂಡಿಸಿ, ಕುಲದ ಹಿರಿಯರು ಅದನ್ನು ಹೊರಗೆ ಕಳಿಸಿ, ಸತ್ತವನ ಜಾಗದಲ್ಲಿ ಮಗನನ್ನು ಕೂರಿಸಬೇಕು. ಅವತ್ತು ಹಿರಿಯರು ಎಲ್ಲರೆದುರು ಕೇಳುತ್ತಾರೆ, ಸತ್ತವನ ರಕ್ತ ಇನ್ನು ಯಾರಾದರೂ ಇದ್ದರೆ ಮುಂದೆ ಬನ್ನಿ ಅಂತ. ಎಷ್ಟು ಮನೆಗಳಲ್ಲಿ ಆಗಲೇ ಅಪರಿಚಿತ ಹೆಂಗಸು ಮಗುವಿನ ಕೈ ಹಿಡಿದು ಎದ್ದು ನಿಂತಿದ್ದಾಳೆ. ಶಾಸ್ತ್ರಕ್ಕೆ ಗೊತ್ತುಮಾಡಿದ ಶನಿವಾರ ಹತ್ತಿರ ಬಂದ ಹಾಗೆಲ್ಲ ಎಡಿಸಾ ಬಾಣಲೆಯ ಮುಂದೆ ಕೂತೇ ದಾರಿಯ ಹೆಂಗಸರ ಸೊಂಟ ನೋಡುತ್ತಿದ್ದಳು. ಎದ್ದು ನಿಂತರೆ ನಿಲ್ಲಲಿ, ಊರ ಮುಂದೆ ಅವಳ ಕೊರಳಿಗೆ ಕೈ ಹಾಕುವೆ ಅಂತ ಹಜ್ಜಾತಿಗೆ ಹೇಳಿದ್ದಳು. ಒಳಗೆ ಮಾತ್ರ ಬೇಡುತ್ತಿದ್ದಳು: ಯಾರೂ ಏಳದಿರಲಿ, ಯಾರೂ ಬಾರದಿರಲಿ.

ಜಾಗದಲ್ಲಿ ಕೂರಬೇಕಾದವನು ಹಿರಿಮಗ ಕಿಗೊಂಗೊ. ಎಂಬರಾರದಲ್ಲಿ ಹಾಲಿನ ಲಾರಿ ಓಡಿಸುತ್ತಾನೆ. ಕಾರೂ ಅವನಿಗೇ. ಒಮ್ಮೆ ಬಂದವನು ಅದನ್ನು ಓಡಿಸಿ ನೋಡಿದ. ಎದುರಿನ ಹಲಗೆಯಲ್ಲಿ ಹಳದಿ ದೀಪ ಹತ್ತಿ ಆರಲೇ ಇಲ್ಲ. ಚೊಟೇರ ದಾರಿಯ ತಿರುವಿನಲ್ಲಿ ಯಾರೋ ಚಕ್ರ ಹಿಡಿದು ಎಳೆದ ಹಾಗಾಗಿ ಕಾರು ಹಳ್ಳದ ಅಂಚಿಗೆ ಹೋಯಿತು. ಅಪ್ಪ ಇನ್ನೂ ಕಾರು ಬಿಟ್ಟಿಲ್ಲ, ಶಾಸ್ತ್ರ ಆಗುವ ತನಕ ಮುಟ್ಟಬೇಡ ಅಂದರು ಹಿರಿಯರು. ಕಿಗೊಂಗೊ ಎರಡು ಗ್ಯಾರೇಜಿಗೆ ತೋರಿಸಿದ. ಸ್ಟೀರಿಂಗು ಎಷ್ಟು ತಿರುಗಿದೆ ಅಂತ ಅಳೆಯುವ ಸೆನ್ಸರು ಕೆಟ್ಟಿದೆ ಅಂತ ಒಬ್ಬ ಅದನ್ನು ಬದಲಿಸಿದ. ಅದೂ ಕೆಟ್ಟದ್ದೇ ಅಂತ ಇನ್ನೊಬ್ಬ ಮತ್ತೊಂದು ಹಾಕಿದ. ದೀಪ ಹಾಗೇ ಉರಿಯಿತು. ಕೊನೆಗೆ ಕಿವುಂಬಿಯ ಅಂಗಳದಲ್ಲಿ ಬಿಟ್ಟು, ಶನಿವಾರದೊಳಗೆ ನೋಡಿಸಮ್ಮ ಅಂತ ಹೇಳಿ ಕೆಲಸಕ್ಕೆ ಹೋದ.

ಗುರುವಾರ ಬೆಳಿಗ್ಗೆ ತಗಡಿನ ಬೇಲಿಯ ಮೇಲೆ ಕಿವುಂಬಿಯ ದುಂಡು ಮುಖ ಎದ್ದಿತು.

"ನಾಲೊಂಗೊ, ಬಾಣಲೆ ಇಳಿಸಿ ಈಚೆ ಬಾ. ನಿನ್ನ ಕಾರು ನನ್ನ ತಲೆ ತಿಂತಾ ಇದೆ."

"ನನ್ನ ಕಾರಲ್ಲ. ಶನಿವಾರದ ತನಕ ಸತ್ತೋನದು, ಆಮೇಲೆ ಕಿಗೊಂಗೊದು."

"ಯಾರದ್ದಾದ್ರೂ ಆಗ್ಲಿ. ನಾನು ಓಡಿಸುವಾಗ ಪಕ್ಕದಲ್ಲಿ ಕೂತು ಅಂಕಿ ಓದಕ್ಕೆ ಒಂದು ಜೊತೆ ಕಣ್ಣು ಬೇಕು."

"ನಂಗೆ ಓದಕ್ಕೆಲ್ಲಿ ಬರತ್ತೆ?"

"ಚಿಲ್ಲರೆ ಕೊಡುವಾಗ ಬರತ್ತಲ್ಲ, ಅಷ್ಟು ಸಾಕು."

"ಹೋಗೇ," ಅಂದಳು ಹಜ್ಜಾತಿ. "ಬಾಣಲೆ ನಾನು ನೋಡ್ಕೋತೀನಿ. ಅರ್ಧ ಮಾರ್ತೀನಿ, ಅರ್ಧ ತಿಂತೀನಿ."

ಜಗಳದ ದಿನದಿಂದ ಎಡಿಸಾ ಆ ಕಾರು ಹತ್ತಿರಲಿಲ್ಲ. ಎಡಗಡೆಯ ಸೀಟಿನಲ್ಲಿ ಅಂಚಿಗೆ ಕೂತಳು, ಬೇರೆಯವರ ಮನೆಯಲ್ಲಿ ಕೂತ ಹಾಗೆ. ಕಿವುಂಬಿ ಅವಳ ಮಡಿಲಿಗೆ, ಸೆನ್ಸರಿನ ಅಂಕಿ ತೋರಿಸುವ ಪುಟ್ಟ ಯಂತ್ರ ಇಟ್ಟ, ತಂತಿಯ ಕೊನೆಯನ್ನು ಸ್ಟೀರಿಂಗಿನ ಕೆಳಗೆ ಚುಚ್ಚಿದ. ಹಳೆ ಕಾಫಿ ಗಿರಣಿಯ ಮುಂದಿನ ದಾರಿ ನೂಲು ಹಿಡಿದ ಹಾಗೆ ನೇರ. ಅಲ್ಲಿಗೆ ತಂದು ಕಾರನ್ನು ಮೆಲ್ಲಗೆ ಬಿಟ್ಟ.

"ಈಗ ಎಷ್ಟು ತೋರಿಸ್ತಿದೆ?"

"ಮೂವತ್ತು."

"ಸರಿಯಾಗಿ ನೋಡು."

"ನನ್ನ ಕಣ್ಣು ಇನ್ನೂ ಸತ್ತಿಲ್ಲ ಕಣಪ್ಪ. ಮೂರು, ಪಕ್ಕದಲ್ಲಿ ಸೊನ್ನೆ."

ಕಿವುಂಬಿ ತುಟಿ ಮುಂದೆ ಮಾಡಿದ. "ನಾವು ನೇರ ಹೋಗ್ತಿದೀವಿ. ಅದು ಬರೀ ಸೊನ್ನೆ ಅನ್ನಬೇಕು. ಸ್ಟೀರಿಂಗಿನ ಕೆಳಗೆ ಕೂತಿರೋ ಸೆನ್ಸರು, ಬಲಕ್ಕೆ ತಿರುಗಿಸಿದಾರೆ ಅಂತ ಕೂಗ್ತಿದೆ. ಕಾರಿನ ಹೊಟ್ಟೇಲಿ ಇನ್ನೊಂದಿದೆ, ಅದು ಇಲ್ಲ, ನೇರ ಹೋಗ್ತಿದೀವಿ ಅಂತಿದೆ. ಇಬ್ಬರ ಜಗಳದಲ್ಲಿ ಕಾರಿಗೆ ಗಾಬರಿಯಾಗಿ ತಾನೇ ಒಂದು ಚಕ್ರಕ್ಕೆ ಬ್ರೇಕು ಹಾಕ್ತಿದೆ."

"ಅಂದ್ರೆ ಮೊದಲನೇದು ಸುಳ್ಳು ಹೇಳ್ತಿದೆ."

"ಅವರಿಬ್ಬರೂ ಹಾಗೇ ಅಂದ್ಕೊಂಡು ಅದನ್ನು ಕಿತ್ತು ಹಾಕಿದ್ರು. ಹೊಸದು ತಂದ್ರೆ ಅದೂ ಅದೇ ಮಾತು. ಮೂರು ಜನ ಬಂದು ಒಂದೇ ಮಾತು ಹೇಳಿದ್ರೆ ಸುಳ್ಳು ಅನ್ನಕ್ಕಾಗತ್ತಾ? ಈ ಸ್ಟೀರಿಂಗ್ ನೋಡು. ನೇರ ಹೋಗುವಾಗ್ಲೂ ಬಲಕ್ಕೆ ವಾಲಿದೆ."

ಹೌದು, ವಾಲಿತ್ತು. ಆದರೆ ನ್ಯೆಂಡೊದಲ್ಲಿ ಯಾರ ಕಾರಿನ ಸ್ಟೀರಿಂಗು ನೆಟ್ಟಗಿದೆ? ಆ ಗುಂಡಿಗಳಲ್ಲಿ ಬಿದ್ದೆದ್ದು ಎಲ್ಲವೂ ಅಷ್ಟಿಷ್ಟು ಸೊಟ್ಟಗಾಗಿರುತ್ತವೆ. ಎಲ್ಲರೂ ಸೊಟ್ಟಗೆ ಹಿಡಿದೇ ನೆಟ್ಟಗೆ ಹೋಗುತ್ತಾರೆ. ಅದನ್ನು ರೋಗ ಅಂತ ಯಾರೂ ಎಣಿಸುವುದಿಲ್ಲ. ಇಬ್ಬರು ಮೆಕ್ಯಾನಿಕ್ಕುಗಳ ಕಣ್ಣಿಗೆ ಅದು ಬೀಳದೆ ಹೋದದ್ದು ಹೀಗೆ.

ಗ್ಯಾರೇಜಿಗೆ ಬಂದ ಮೇಲೆ ಕಿವುಂಬಿ ಮುಂದಿನ ಟೈರುಗಳ ಮೇಲೆ ಅಂಗೈ ಆಡಿಸಿದ, ಎತ್ತಿನ ಮೈ ಸವರಿದ ಹಾಗೆ. "ಗುಂಡಿಗೆ ಬಿದ್ದು ಸೊಟ್ಟಗಾಗಿದ್ರೆ ಟೈರು ಒಂದು ಕಡೆ ಸವೀಬೇಕಿತ್ತು. ಎರಡೂ ಸಮ. ಕೆಳಗಿನದೆಲ್ಲ ನೆಟ್ಟಗಿದೆ. ಮೇಲಿನ ಈ ಸ್ಟೀರಿಂಗನ್ನ ಯಾರೋ ಬಿಚ್ಚಿ ತಪ್ಪಾಗಿ ಕೂರಿಸಿದಾರೆ."

"ಯಾರು?"

"ನೋಡಣ ತಾಳು."

ಸ್ಟೀರಿಂಗಿಗೆ ಕಂದು ರೋಮದ ಹೊದಿಕೆ ಹೊಲಿದಿತ್ತು. ಕಿವುಂಬಿ ಬ್ಲೇಡಿನಿಂದ ದಾರ ಕತ್ತರಿಸಿ ಹಣ್ಣಿನ ಸಿಪ್ಪೆಯ ಹಾಗೆ ಸುಲಿದ. ನಡುವಿನಿಂದ ಬರುವ ಬಲಗಡೆಯ ಕಡ್ಡಿ ಅಂಚಿಗೆ ಸೇರುವ ಕಡೆ, ಒಂದು ಗೇಣಿನಷ್ಟು ಜಾಗಕ್ಕೆ, ಒಳಗೆ ಬಟ್ಟೆ ಸುತ್ತಿತ್ತು. ದಪ್ಪಗೆ, ಸುತ್ತಿನ ಮೇಲೆ ಸುತ್ತು. ಬೆವರಿಗೆ ಕಪ್ಪಾಗಿತ್ತು. ಕಿವುಂಬಿ ತುದಿ ಹಿಡಿದು ಬಿಚ್ಚುತ್ತ ಹೋದ. ಒಳಸುತ್ತಿಗೆ ಬಂದಾಗ ಅರಿಸಿನ ಬಣ್ಣ ಮಿರುಗಿತು. ಹಸಿರು ಎಲೆ.

ಎಡಿಸಾ ಕೈ ಚಾಚಿ ಅದನ್ನು ಹಿಡಿದುಕೊಂಡಳು. ಇಡೀ ಪಟ್ಟಿ, ಉದ್ದಕ್ಕೂ ಇತ್ತು. ಒಂದು ಎಳೆಯೂ ಬೇರೆ ಹೆಣ್ಣಿನ ಸೊಂಟಕ್ಕೆ ಹೋಗಿರಲಿಲ್ಲ.

ಕಿವುಂಬಿ ಅವಳ ಮುಖ ನೋಡಲಿಲ್ಲ. ಅವನ ತಲೆಯೆಲ್ಲ ನಟ್ಟಿನಲ್ಲಿತ್ತು. ಹಾರನ್ನಿನ ಮುಚ್ಚಳ ತೆಗೆದು ಒಳಗೆ ಬೆಳಕು ಹಾಯಿಸಿದ. "ನೋಡಿಲ್ಲಿ. ಸ್ಟೀರಿಂಗು ಕೂರೋ ಈ ಹಲ್ಲುಹಲ್ಲಿನ ದಂಡದ ಮೇಲೆ ಮೊಳೆಯಿಂದ ಗೀರಿದಾರೆ. ಇದು ಮೊದಲಿದ್ದ ಜಾಗ. ಅಲ್ಲಿಂದ ಮೂರು ಹಲ್ಲು ಬಲಕ್ಕೆ ಸರಿಸಿ ಕೂರಿಸಿದಾರೆ. ತಪ್ಪಿ ಆದದ್ದಲ್ಲ ಇದು. ತಪ್ಪು ಮಾಡೋನು ಗುರುತು ಹಾಕ್ಕೊಳ್ಳಲ್ಲ." ಸ್ಪ್ಯಾನರ್ ಹಾಕಿ ತೆಗೆದ. "ನಟ್ಟಿನ ಮೂಲೆಯೆಲ್ಲ ಜಾರಿ ಸವೆದಿದೆ. ಒಂದೇ ಕೈಯಲ್ಲಿ ಒದ್ದಾಡಿಕೊಂಡು ಬಿಚ್ಚಿದ ಹಾಗಿದೆ."

ಹೇಳುತ್ತಲೇ ಅವನು ಡ್ರೈವರ್ ಸೀಟಿನಲ್ಲಿ ಕೂತ. ಎಡಗೈ ಮೇಲೆ ಹಿಡಿದ. ಬಲಗೈಯನ್ನು ಸತ್ತ ಕೋಳಿಯ ಹಾಗೆ ಸಡಿಲ ಬಿಟ್ಟು, ತೊಡೆಯ ಮೇಲಿಂದ ಒಂದಿಷ್ಟೇ ಎತ್ತಿ, ವಾಲಿದ ಕಡ್ಡಿಯ ಮೇಲೆ ಮಣಿಕಟ್ಟು ಒರಗಿಸಿದ. ಅದು ಅಲ್ಲೇ ನಿಂತಿತು. ಸ್ಟೀರಿಂಗು ನೆಟ್ಟಗಿದ್ದಿದ್ದರೆ ಅಷ್ಟು ಕೆಳಗೆ ಕಡ್ಡಿ ಸಿಗುತ್ತಿರಲಿಲ್ಲ.

ಕಿವುಂಬಿ ಆಗ ತಲೆ ಎತ್ತಿದ.

"ನಾಲೊಂಗೊ, ಸಾಲೊಂಗೊನ ಬಲಗೈಗೆ ಏನಾಗಿತ್ತು?"

"ಏನೂ ಆಗಿರಲಿಲ್ಲ," ಅಂದಳು ಎಡಿಸಾ. ಬಾಯಿಗೆ ಬಂದದ್ದು ಅದೇ.

ಕರಿ ಕೋಟು. ಜೇಬು. ಗುಂಡಿಯಿಲ್ಲದ ಬನಿಯನ್ನು. ಮಟೋಕೆಯ ಮುಂದಿನಿಂದ ಎದ್ದು ಹೋದದ್ದು. ಬಲಗೈಯಲ್ಲಿ ತುತ್ತು ಮಾಡಲು ಆಗದವನು ಹೆಂಡತಿಯೆದುರು ಊಟಕ್ಕೆ ಎಡಗೈ ಹೇಗೆ ಇಳಿಸಿಯಾನು? ಚಾಚಿದ ನೋಟು. ಅವನು ತೆರೆದು ಮುಚ್ಚಿದ ಬಾಯಿ. ಒಂದರ ಹಿಂದೆ ಒಂದು ಬಂದು ಅವಳ ಎದೆಯ ಮೇಲೆ ಕೂತವು.

"ತಲೆಯ ನರ ಒಡೆಯೋ ಮುಂಚೆ ಒಂದು ಸಲ ಹೆದರಿಸಿ ಹೋಗತ್ತಂತೆ," ಅಂದ ಕಿವುಂಬಿ ಮೆತ್ತಗೆ. "ನಮ್ಮ ಚಿಕ್ಕಪ್ಪನಿಗೂ ಹಾಗೇ, ಒಂದು ಕೈ ಹೋಗಿತ್ತು ಮೊದಲು."

"ಯಾರಿಗೂ ಹೇಳಲಿಲ್ಲವಲ್ಲ."

"ಹೇಳಿದ್ರೆ ಯಾರು ಹತ್ತುತಿದ್ರು ಅವನ ಕಾರಿಗೆ? ನಿಲ್ದಾಣದವರು ಮಾರನೇ ದಿನವೇ ಸರದಿಯಿಂದ ತೆಗೀತಿದ್ರು."

"ನನಗೆ ಹೇಳಬಹುದಿತ್ತು."

ಕಿವುಂಬಿ ಬೇಲಿಯ ಕಡೆ ನೋಡಿದ. ಬೇಲಿಯಾಚೆ ಹಜ್ಜಾತಿ ಯಾರಿಗೋ ಯಾರದೋ ಮನೆಯ ಕಥೆ ಕೂಗಿ ಹೇಳುತ್ತಿದ್ದಳು. ಎಡಿಸಾಳಿಗೆ ಆ ದನಿ ತನ್ನದೇ ಅನ್ನಿಸಿತು.

"ಕಬಲಗಲ?" ಅಂದಳು ಆಮೇಲೆ. "ದಿನಾ ನಾಲ್ಕು ಕಟ್ಟಿಸಿಕೊಂಡು ಹೋಗ್ತಿದ್ನಲ್ಲ?"

"ಅವನೇ ತಿಂತಿದ್ದ. ಇಗೋ, ಇಲ್ಲೇ." ಕಿವುಂಬಿ ಬೇಲಿಯ ಒಳಮಗ್ಗುಲು ತೋರಿಸಿದ. "ಇಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು. ನಾನು ಗಾಜು ತಟ್ಟಿ ಬೈತಿದ್ದೆ, ಹೆಂಡತಿ ಕೈಯಡುಗೆ ಹಂಚಿಕೊಳ್ಳಕ್ಕೂ ಜಿಪುಣನಾ ಅಂತ. ನಕ್ಕು ಇನ್ನೊಂದು ಕಡೆ ತಿರುಗಿಬಿಡ್ತಿದ್ದ. ಯಾವ ಕೈಯಲ್ಲಿ ತಿಂತಾನೆ ಅಂತ ನಾನೂ ನೋಡಲಿಲ್ಲ ಕಣಮ್ಮ."

ತಗಡಿನ ಆ ಜಾಗ ಎಡಿಸಾಳಿಗೆ ಗೊತ್ತು. ಹೊರಗಿನಿಂದ ಗೊತ್ತು. ಇಷ್ಟು ವರ್ಷ ಅವಳ ಬೆನ್ನು ಒರಗಿ ಒರಗಿ ತಗಡು ಒಳಕ್ಕೆ ತಗ್ಗಿತ್ತು. ಆ ತಗ್ಗು ಈ ಕಡೆಯಿಂದ ಉಬ್ಬಾಗಿ ಕಾಣುತ್ತಿತ್ತು. ಅದಕ್ಕೆ ಮುಖ ಮಾಡಿ ಅವನು ಕೂತು ತಿನ್ನುತ್ತಿದ್ದ. ಅವಳು ಆಚೆ ಕಡೆ ಕೂತು ಚೊಟೇರದವಳಿಗೆ ಶಾಪ ಹಾಕುತ್ತಿದ್ದಳು. ತಗಡು ಎಷ್ಟು ತೆಳ್ಳಗಿತ್ತು. ಶಾಪವೆಲ್ಲ ಅವನಿಗೆ ಕೇಳಿಸಿರಬೇಕು.

ಅವಳು ಸೀಟಿನ ಕೆಳಗೆ ಕೈ ಹಾಕಿದಳು. ಒಣಗಿ ಮುದುಡಿದ ಬಾಳೆಎಲೆಗಳು ಕೈಗೆ ಸಿಕ್ಕವು. ಮುರಿಯದ ಹಾಗೆ ಎತ್ತಲು ನೋಡಿದಳು, ಪುಡಿಯಾದವು.

ಕಿವುಂಬಿ ಸ್ಪ್ಯಾನರ್ ಕೈಗೆತ್ತಿಕೊಂಡ. "ಈಗ ಇದನ್ನ ನೆಟ್ಟಗೆ ಕೂರಿಸ್ಲಾ?"

"ಬೇಡ. ಹಾಗೇ ಬಿಡು."

"ಬಿಡಕ್ಕಾಗಲ್ಲ ನಾಲೊಂಗೊ. ಸಾಲೊಂಗೊಗೆ ಇದರ ಚಾಳಿ ಗೊತ್ತಿತ್ತು, ಎತ್ತಿನ ಗಾಡಿ ಹಾಗೆ ಮೆಲ್ಲಗೆ ಹೋಗ್ತಿದ್ದ. ಕಿಗೊಂಗೊ ಹುಡುಗು ರಕ್ತ. ಚೊಟೇರ ತಿರುವಿನಲ್ಲಿ ಇದು ಅವನನ್ನ ತಿಂದುಬಿಡತ್ತೆ."

ಎಡಿಸಾ ಎದ್ದು ಬಂದು ಬಲಗಡೆಯ ಬಾಗಿಲಲ್ಲಿ ನಿಂತಳು. "ಇಳಿ ಒಂಚೂರು."

ಅವಳು ಹುಟ್ಟಿದಾರಭ್ಯ ಸ್ಟೀರಿಂಗಿನ ಮುಂದೆ ಕೂತವಳಲ್ಲ. ಗೊಮೇಸಿಯ ನೆರಿಗೆ ಒಟ್ಟು ಮಾಡಿಕೊಂಡು ಕೂತಳು. ಸೀಟು ಅವನ ಮೈಗೆ ತಗ್ಗಿತ್ತು. ಬಲಗೈಯನ್ನು ಸಡಿಲ ಬಿಟ್ಟಳು. ನಾದುವ ಕೈ, ಸುಮ್ಮನಿರಲು ಒಪ್ಪಲಿಲ್ಲ. ಸಾಯಿ ಅಂತ ಅದಕ್ಕೆ ಹೇಳಿ, ಸತ್ತ ಮೇಲೆ ಎತ್ತಿ ಕಡ್ಡಿಯ ಮೇಲೆ ಇಟ್ಟಳು. ಭುಜಕ್ಕೆ ಹಾಯೆನಿಸಿತು. ಅವನಿಗೂ ಹೀಗೇ ಹಾಯೆನಿಸಿತ್ತಲ್ಲ ಅಂದುಕೊಂಡಳು. ಇಷ್ಟು ಹಾಯಿ ಕೊಡಲು ಅವನಿಗೆ ಒಂದು ತುಂಡು ಕಬ್ಬಿಣ ಇತ್ತು. ಮನೆಯಲ್ಲಿ ಹೆಂಡತಿಯಿದ್ದಳು, ಕಬ್ಬಿಣ ಕೊಟ್ಟಷ್ಟನ್ನೂ ಕೊಡಲಿಲ್ಲ.

ಇಳಿದಳು. "ಸರಿಮಾಡು," ಅಂದಳು. ಆಮೇಲೆ, "ಕಿವುಂಬಿ, ಇದು ಈ ಬೇಲಿ ದಾಟಬಾರದು. ಅವನು ಮುಚ್ಚಿಟ್ಟದ್ದು ಮುಚ್ಚಿಟ್ಟ ಹಾಗೇ ಇರಲಿ."

ಕಿವುಂಬಿ ಸ್ಟೀರಿಂಗು ಎತ್ತಿ ಹಳೆಯ ಗೀರಿಗೆ ಸರಿಯಾಗಿ ಕೂರಿಸಿದ. ಕಾಫಿ ಗಿರಣಿಯ ದಾರಿಗೆ ಅವನೊಬ್ಬನೇ ಹೋಗಿ ಬಂದ. ಹಳದಿ ದೀಪ ಆರಿತ್ತು. ಸೆನ್ಸರು ಸೊನ್ನೆ ಅನ್ನುತ್ತಿತ್ತು. ಬಾಣಲೆಯ ಹತ್ತಿರ ವಾಪಸು ಬಂದಾಗ ಹಜ್ಜಾತಿ, "ಏನಂತೇ ಕಾರಿಗೆ?" ಅಂದಳು. "ಏನೋ ಒಂದು ಸಡಿಲಾಗಿತ್ತಂತೆ," ಅಂದಳು ಎಡಿಸಾ. ಅವಳ ಬಾಯಿಂದ ಹೊರಬೀಳದೆ ಒಳಗೇ ನಿಂತ ಮೊದಲ ಗುಟ್ಟು ಇದು. ಅದನ್ನು ಕಂಡು ನಂಬಬೇಕಾದವನು ಇರಲಿಲ್ಲ.

ಶನಿವಾರ ಚಪ್ಪರದ ತುಂಬ ಜನ. ಎಡಿಸಾ ಮಾಸಿದ ಪಟ್ಟಿಯನ್ನು ಒಗೆಯದೆ ಹಾಗೇ ಸೊಂಟಕ್ಕೆ ಕಟ್ಟಿಕೊಂಡು ಹೆಂಗಸರ ಚಾಪೆಯ ಮೇಲೆ ಕೂತಳು. ಹಜ್ಜಾತಿ ಅದನ್ನು ಕಂಡು ಕಣ್ಣರಳಿಸಿದಳು. ಎಡಿಸಾ ಬಾಯಿ ಬಿಡಲಿಲ್ಲ. ಕುಲದ ಹಿರಿಯರು ಕಿಗೊಂಗೊನ ಭುಜಕ್ಕೆ ಮರತೊಗಟೆಯ ಬಟ್ಟೆ ಹೊದಿಸಿ ಅಪ್ಪನ ಜಾಗದಲ್ಲಿ ನಿಲ್ಲಿಸಿದರು. ಅವಳಿ ತಂಗಿಯರು ಬಂದು ಅಣ್ಣನ ಮುಂದೆ ಮಂಡಿಯೂರಿ ಅಪ್ಪಾ ಅಂದರು. ಆಮೇಲೆ ಹಿರಿಯರು ಜನದ ಕಡೆ ತಿರುಗಿದರು.

"ಯೊನಾಸಾನಿಯ ರಕ್ತ, ಯೊನಾಸಾನಿಯ ಮನೆ, ನಮಗೆ ಗೊತ್ತಿಲ್ಲದ್ದು ಎಲ್ಲಾದರೂ ಇದ್ದರೆ ಈಗ ಎದ್ದು ನಿಲ್ಲಿ. ಯಾರೂ ಏನೂ ಅನ್ನುವುದಿಲ್ಲ."

ಜನ ಎಡಿಸಾಳ ಕಡೆ ನೋಡಿದರು. ಎಡಿಸಾ ಕತ್ತು ಚಾಚಿ ಹಿಂದೆ ನೋಡುತ್ತಿದ್ದಳು. ಚಾಪೆಗಳ ಆಚೆ, ಬಾಳೆ ತೋಟದ ದಾರಿಯಲ್ಲಿ. ಎದ್ದು ನಿಲ್ಲೇ ತಾಯಿ, ಅನ್ನುತ್ತಿತ್ತು ಅವಳ ಜೀವ. ನಿಲ್ಲು. ನಿನ್ನ ಕಾಲು ತೊಳೀತೀನಿ. ಎಲ್ಲಾದರೂ ಒಂದು ಮನೆಯಲ್ಲಿ ಅವನ ಕೋಟು ಬಿಚ್ಚಿಸಿ, ಎಡಗೈಯಲ್ಲಿ ತಿನ್ನು ಪರವಾಗಿಲ್ಲ ಅಂತ ಒಬ್ಬಳು ಅಂದಿರಲಿ. ಒಬ್ಬಳು ತುತ್ತು ಮಾಡಿ ಬಾಯಿಗಿಟ್ಟಿರಲಿ.

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮಗುವನ್ನೆತ್ತಿಕೊಂಡು ಎದ್ದಳು. ಎಡಿಸಾಳ ಕೈ ತಾನಾಗಿ ಮುಂದಕ್ಕೆ ಚಾಚಿತು. ಹೆಂಗಸು ಮಗುವಿನ ಚಡ್ಡಿ ಇಳಿಸುತ್ತ ಬಾಳೆಬುಡದ ಕಡೆ ಹೋದಳು.

"ಹಾಗಾದರೆ ಇಷ್ಟೇ," ಅಂದರು ಹಿರಿಯರು. ಡೋಲು ಬಡಿಯಿತು.

ಆಗ ಎಡಿಸಾ ಅತ್ತಳು. ಹೂಳುವ ದಿನ ಅಳದೆ ಉಳಿದದ್ದೆಲ್ಲ, ಚಾಪೆಗೆ ಹಣೆ ಹಚ್ಚಿ, ಡೋಲಿಗೂ ಮೀರಿ ಅತ್ತಳು. ಹಜ್ಜಾತಿ ಬಗ್ಗಿ ಅವಳ ಬೆನ್ನು ತಬ್ಬಿಕೊಂಡಳು.

"ಅಳಬೇಡ್ವೇ ಹುಚ್ಚೀ. ಕೇಳಲಿಲ್ವಾ? ಯಾರೂ ಇರಲಿಲ್ಲ. ನೀನೊಬ್ಬಳೇ ಇದ್ದದ್ದು ಅವನಿಗೆ."

"ಹೌದು ಹಜ್ಜಾತಿ," ಅಂದಳು ಎಡಿಸಾ. "ನಾನೊಬ್ಬಳೇ ಇದ್ದದ್ದು."